ಅಮೆರಿಕದಿಂದ ಜರ್ಮನಿಗೆ ಹೊರಟ ಕುಟುಂಬಕ್ಕೆ ಯಾವ ಏರ್‌ಲೈನ್ ಕಾರ್ಡ್?

ನ್ಯೂಜೆರ್ಸಿಯಿಂದ, ತವರು ಶನಿವಾರಸಂತೆ:

ಎಲ್ಲರಿಗೂ ನಮಸ್ಕಾರ. ನನ್ನ ಗಂಡನಿಗೆ ಮ್ಯೂನಿಕ್ ಕಚೇರಿಗೆ ವರ್ಗವಾಗಿದೆ. ಜೂನ್ ಕೊನೆಗೆ ಇಲ್ಲಿನ ಮನೆ ಬಿಡಬೇಕು. ಮಗಳಿಗೆ ಹದಿನಾಲ್ಕು, ಮಗನಿಗೆ ಆರು. ಅಲ್ಲಿನ ಶಾಲೆ, ಭಾಷೆ, ಬಾಡಿಗೆ ಮನೆಯ ಬಗ್ಗೆ ಗುಂಪಿನಲ್ಲಿ ಹಿಂದೆ ನಡೆದ ಚರ್ಚೆಗಳನ್ನೆಲ್ಲ ಓದಿದ್ದೇನೆ. ನನ್ನ ಪ್ರಶ್ನೆ ಬೇರೆ. ಇಲ್ಲಿದ್ದಷ್ಟು ಕಾಲ ನಾವು ಊರಿಗೆ ಬಂದು ಹೋದದ್ದು ಬಹುಮಟ್ಟಿಗೆ ಕ್ರೆಡಿಟ್ ಕಾರ್ಡಿನ ಮೈಲ್‌ಗಳಿಂದ, ಅಂದರೆ ಖರ್ಚು ಮಾಡಿದಂತೆಲ್ಲ ಸೇರುವ, ವಿಮಾನದ ಟಿಕೆಟ್ಟಿಗೆ ಬದಲಾಯಿಸಿಕೊಳ್ಳುವ ಪಾಯಿಂಟ್‌ಗಳಿಂದ. ದಿನಸಿ, ಪೆಟ್ರೋಲ್, ಮಕ್ಕಳ ಈಜು ತರಗತಿ, ಎಲ್ಲವನ್ನೂ ಕಾರ್ಡಿಗೇ ಹಾಕುತ್ತಿದ್ದೆವು. ಹೊಸ ಕಾರ್ಡ್ ತೆಗೆದುಕೊಂಡರೆ ಸ್ವಾಗತದ ಮೈಲ್‌ಗಳೇ ಐವತ್ತು ಅರವತ್ತು ಸಾವಿರ ಬರುತ್ತಿದ್ದವು. ಜರ್ಮನಿಯಲ್ಲಿ ಇದಕ್ಕೆ ಸಮನಾದ ಕಾರ್ಡ್ ಯಾವುದು? ಅಲ್ಲಿರುವ ಸ್ನೇಹಿತರನ್ನು ಕೇಳಿದರೆ, "ಕಾರ್ಡಿನ ಯೋಚನೆ ಬಿಡು, ಕೈಯಲ್ಲಿ ನಗದು ಇಟ್ಟುಕೋ" ಎನ್ನುತ್ತಾರೆ. ತಮಾಷೆಯೋ ನಿಜವೋ ತಿಳಿಯುತ್ತಿಲ್ಲ. ವಿರಾಜಪೇಟೆಯಲ್ಲಿ ಅತ್ತೆ ಮಾವನವರಿಗೆ ವಯಸ್ಸಾಗಿದೆ. ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಕರೆತರಲೇಬೇಕು.

ಸಿದ್ದಾಪುರದಿಂದ, ಮೊದಲು ಡಲ್ಲಾಸ್, ಆಮೇಲೆ ಫ್ರಾಂಕ್‌ಫರ್ಟ್, ಈಗ ಊರಲ್ಲೇ:

ತಂಗಿ, ನಿಮ್ಮ ಸ್ನೇಹಿತರು ತಮಾಷೆ ಮಾಡಿಲ್ಲ. ನೀವು ಅಮೆರಿಕದಲ್ಲಿ ಬಳಸಿದಂಥ ಕಾರ್ಡ್ ಜರ್ಮನಿಯಲ್ಲಿ ಇಲ್ಲ, ಬರುವ ಲಕ್ಷಣವೂ ಕಾಣುವುದಿಲ್ಲ. ಅಲ್ಲಿನ ವಿಮಾನ ಕಂಪನಿ ಲುಫ್ತಾನ್ಸಾ ಜಿಪುಣ ಎಂದು ನಮ್ಮವರು ಬೈಯುವುದನ್ನು ಕೇಳಿದ್ದೇನೆ. ಬೈಗುಳ ತಪ್ಪು ವಿಳಾಸಕ್ಕೆ ಹೋಗುತ್ತಿದೆ. ಒಂದು ದೇಶದ ಕಾರ್ಡ್ ಎಷ್ಟು ಮೈಲ್ ಕೊಡುತ್ತದೆ ಎಂಬುದನ್ನು ತೀರ್ಮಾನಿಸುವುದು ಅಲ್ಲಿನ ಜನ ಸಂಬಳವನ್ನು ಎಲ್ಲಿ ಇಡುತ್ತಾರೆ, ಬಾಡಿಗೆಯನ್ನು ಹೇಗೆ ಕಟ್ಟುತ್ತಾರೆ, ಸಾಲವನ್ನು ಯಾವ ಕಣ್ಣಿನಿಂದ ನೋಡುತ್ತಾರೆ ಎಂಬ ಸಂಗತಿಗಳು. ಎರಡೂ ದೇಶಗಳಲ್ಲಿ ಪಾವತಿ ವ್ಯವಸ್ಥೆಯ ಕೆಲಸ ಮಾಡಿ ಬಂದವನು ನಾನು. ಸಂಜೆಯ ಗುಡುಗು ಮಳೆಗೆ ಕರೆಂಟ್ ಹೋಗಿದೆ, ಮೊಬೈಲ್‌ನಲ್ಲಿ ಚಾರ್ಜ್ ಇದೆ, ಆದ್ದರಿಂದ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಮೈಲ್ ಎಲ್ಲಿಂದ ಬರುತ್ತದೆ ಎಂದು ನೋಡೋಣ. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ತನ್ನ ಆಡ್ವಾಂಟೇಜ್ ಯೋಜನೆ ಆರಂಭಿಸಿದಾಗ ಹಾರಿದವರಿಗೆ ಮಾತ್ರ ಮೈಲ್ ಸಿಗುತ್ತಿತ್ತು. 1987ರಲ್ಲಿ ಸಿಟಿಬ್ಯಾಂಕ್ ಆ ಹೆಸರಿನಲ್ಲಿ ಕಾರ್ಡ್ ತಂದಿತು. ಅಲ್ಲಿಂದ ಮೈಲ್ ಮಾರಾಟದ ಸರಕಾಯಿತು. ಬ್ಯಾಂಕ್ ದುಡ್ಡು ಕೊಟ್ಟು ವಿಮಾನ ಕಂಪನಿಯಿಂದ ಮೈಲ್ ಕೊಳ್ಳುತ್ತದೆ, ಕಾರ್ಡ್ ಉಜ್ಜಿದವರಿಗೆ ಹಂಚುತ್ತದೆ. ಈ ವ್ಯಾಪಾರ ಎಷ್ಟು ದೊಡ್ಡದೆಂದರೆ 2024ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಎಂಬ ಕಾರ್ಡ್ ಕಂಪನಿಯಿಂದ ಡೆಲ್ಟಾ ವಿಮಾನ ಕಂಪನಿಗೆ ಬಂದ ಹಣ ಸುಮಾರು 740 ಕೋಟಿ ಡಾಲರ್. ಕೋವಿಡ್ ಕಾಲದಲ್ಲಿ, 2020ರ ಜೂನ್‌ನಲ್ಲಿ, ವಿಮಾನಗಳೆಲ್ಲ ನೆಲದಲ್ಲಿ ನಿಂತಿದ್ದಾಗ ಯುನೈಟೆಡ್ ಏರ್‌ಲೈನ್ಸ್ ತನ್ನ ಮೈಲ್ ಯೋಜನೆಯನ್ನೇ ಅಡವಿಟ್ಟು 500 ಕೋಟಿ ಡಾಲರ್ ಸಾಲ ಎತ್ತಲು ಹೊರಟಿತು. ಆ ಯೋಜನೆಗೆ ಆಗ ಕಟ್ಟಿದ ಬೆಲೆ ಸುಮಾರು 2,190 ಕೋಟಿ ಡಾಲರ್. ಹಾರದ ವಿಮಾನಗಳಿಗಿಂತ ಉಜ್ಜುವ ಕಾರ್ಡ್‌ಗಳನ್ನು ನಂಬಿ ಸಾಲ ಕೊಟ್ಟರು ಎನ್ನಬಹುದು.

ಬ್ಯಾಂಕಿಗೆ ಈ ದುಡ್ಡು ಎಲ್ಲಿಂದ? ಎರಡು ದಾರಿಯಿಂದ. ಒಂದು, ನೀವು ಅಂಗಡಿಯಲ್ಲಿ 100 ಡಾಲರ್ ಉಜ್ಜಿದರೆ ಅಂಗಡಿಯವರಿಗೆ ಪೂರ್ತಿ ನೂರು ಸೇರುವುದಿಲ್ಲ. ಅದರಲ್ಲಿ ಹೆಚ್ಚುಕಡಿಮೆ ಎರಡು ಡಾಲರ್ ಇಂಟರ್‌ಚೇಂಜ್ ಶುಲ್ಕವಾಗಿ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಎರಡು, ಬಾಕಿ ಉಳಿಸಿಕೊಂಡವರು ಕಟ್ಟುವ ಬಡ್ಡಿ. ಅಮೆರಿಕದಲ್ಲಿ ಕಾರ್ಡ್ ಇರುವವರಲ್ಲಿ ಸುಮಾರು ಅರ್ಧದಷ್ಟು ಜನ ವರ್ಷದಲ್ಲಿ ಯಾವಾಗಲಾದರೂ ಬಾಕಿಯನ್ನು ಮುಂದಿನ ತಿಂಗಳಿಗೆ ಒಯ್ಯುತ್ತಾರೆ, ಬಡ್ಡಿ ಈಗ ವರ್ಷಕ್ಕೆ ಶೇ. 20ರ ಮೇಲಿದೆ. ಅಂದರೆ ನಿಮ್ಮ ಟಿಕೆಟ್ಟಿಗೆ ಒಂದಷ್ಟು ಹಣ ಕೊಟ್ಟವರು ಪಕ್ಕದ ಬೀದಿಯಲ್ಲಿ ಬಾಕಿ ತೀರಿಸಲಾಗದೆ ಒದ್ದಾಡುತ್ತಿರುವವರು. ಇನ್ನೊಂದಷ್ಟು ಕೊಟ್ಟವರು ಅದೇ ಅಂಗಡಿಯಲ್ಲಿ ಅದೇ ಬೆಲೆಗೆ ನಗದು ಕೊಟ್ಟು ಸಾಮಾನು ಒಯ್ದವರು. ಬಾಸ್ಟನ್‌ನ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಇದನ್ನು ಲೆಕ್ಕ ಹಾಕಿದ್ದರು: ನಗದು ಬಳಸುವ ಕುಟುಂಬ ಸರಾಸರಿ ವರ್ಷಕ್ಕೆ 149 ಡಾಲರ್ ಕಳೆದುಕೊಳ್ಳುತ್ತದೆ, ಕಾರ್ಡ್ ಬಳಸುವ ಕುಟುಂಬಕ್ಕೆ 1,133 ಡಾಲರ್ ಸೇರುತ್ತದೆ. ನಾವು ಅನಿವಾಸಿಗಳು ಸಾಮಾನ್ಯವಾಗಿ ಪಡೆಯುವವರ ಸಾಲಿನಲ್ಲಿ ನಿಂತಿರುತ್ತೇವೆ. ಸಂಬಳ ಚೆನ್ನಾಗಿರುತ್ತದೆ, ಬಾಕಿ ಉಳಿಸಲು ಭಯ. ಇದರಲ್ಲಿ ಅಪರಾಧವೇನೂ ಇಲ್ಲ, ಆದರೆ ಮೈಲ್‌ಗಳನ್ನು ನಮ್ಮ ಜಾಣತನದ ಫಲ ಎಂದುಕೊಂಡು ಗುಂಪಿನಲ್ಲಿ ಬೀಗುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಶುಲ್ಕಕ್ಕೂ ಮೈಲ್‌ಗೂ ಇರುವ ನಂಟು ಎಷ್ಟು ಗಟ್ಟಿ ಎಂಬುದಕ್ಕೆ ಅಮೆರಿಕದಲ್ಲೇ ಸಾಕ್ಷಿಯಿದೆ. 2010ರ ಡರ್ಬಿನ್ ತಿದ್ದುಪಡಿ ಎಂಬ ಕಾನೂನಿನ ಪ್ರಕಾರ, 2011ರ ಅಕ್ಟೋಬರ್‌ನಿಂದ ದೊಡ್ಡ ಬ್ಯಾಂಕ್‌ಗಳ ಡೆಬಿಟ್ ಕಾರ್ಡ್ ಶುಲ್ಕಕ್ಕೆ ಮಿತಿ ಬಿತ್ತು: ಒಂದು ವ್ಯವಹಾರಕ್ಕೆ 21 ಸೆಂಟ್, ಜೊತೆಗೆ ಮೊತ್ತದ ಶೇ. 0.05, ವಂಚನೆ ತಡೆಗೆಂದು ಇನ್ನೊಂದು ಸೆಂಟ್. ಅಲ್ಲಿಯವರೆಗೆ ಡೆಬಿಟ್ ಕಾರ್ಡಿಗೂ ಮೈಲ್ ಸಿಗುತ್ತಿತ್ತು. ಮಿತಿ ಬಂದ ಮೇಲೆ ಆ ಕಾರ್ಡ್‌ಗಳು ಬಹುತೇಕ ಕಣ್ಮರೆಯಾದವು. ಕ್ರೆಡಿಟ್ ಕಾರ್ಡನ್ನು ಆ ಕಾನೂನು ಮುಟ್ಟಲಿಲ್ಲ, ಅದರ ಮೈಲ್‌ಗಳೂ ಉಳಿದುಕೊಂಡವು.

ಇನ್ನು ಯುರೋಪ್. 2015ರ ಡಿಸೆಂಬರ್‌ನಿಂದ ಐರೋಪ್ಯ ಒಕ್ಕೂಟದಲ್ಲಿ ಇಂಟರ್‌ಚೇಂಜ್ ಶುಲ್ಕದ ಮಿತಿ ಡೆಬಿಟ್‌ಗೆ ಶೇ. 0.2, ಕ್ರೆಡಿಟ್‌ಗೆ ಶೇ. 0.3. ನೂರು ಯೂರೋ ಉಜ್ಜಿದರೆ ಬ್ಯಾಂಕಿಗೆ ಬರುವುದು ಮೂವತ್ತು ಸೆಂಟ್. ಅದರಲ್ಲಿ ಮೈಲ್ ಕೊಂಡು ಹಂಚಿ ಅಂದರೆ ಎಷ್ಟು ಹಂಚಿಯಾರು? ಲುಫ್ತಾನ್ಸಾದ ಮೈಲ್ಸ್ ಅಂಡ್ ಮೋರ್ ಕಾರ್ಡ್ ಎರಡು ಯೂರೋಗೆ ಒಂದು ಮೈಲ್ ಕೊಡುತ್ತಾ ಬಂದದ್ದು ಈ ಲೆಕ್ಕದ ಮೇಲೆಯೇ, ಅದರ ಮೇಲೆ ವಾರ್ಷಿಕ ಶುಲ್ಕ ಬೇರೆ. ಅಮೆರಿಕನ್ ಎಕ್ಸ್‌ಪ್ರೆಸ್ ಈ ಮಿತಿಯಿಂದ ತಪ್ಪಿಸಿಕೊಂಡೀತು ಎಂದು ಕೆಲವರು ಲೆಕ್ಕ ಹಾಕಿದ್ದರು. ವಿಮಾನ ಕಂಪನಿಯ ಜೊತೆ ಸೇರಿ ತರುವ ಕಾರ್ಡಿಗೆ ಮಿತಿ ಅನ್ವಯಿಸುತ್ತದೆ ಎಂದು 2018ರಲ್ಲಿ ಒಕ್ಕೂಟದ ನ್ಯಾಯಾಲಯ ಹೇಳಿತು.

ಆದರೆ ಕಾನೂನು ಮಾತ್ರ ಕಾರಣವಲ್ಲ, ಹಣ ಕಟ್ಟುವ ರೂಢಿಯೇ ಎರಡೂ ಕಡೆ ಬೇರೆ ಬೇರೆಯಾಗಿ ಬೆಳೆಯಿತು. ಅಮೆರಿಕದಲ್ಲಿ 1994ರವರೆಗೂ ಒಂದು ರಾಜ್ಯದ ಬ್ಯಾಂಕ್ ಇನ್ನೊಂದು ರಾಜ್ಯದಲ್ಲಿ ಮುಕ್ತವಾಗಿ ಶಾಖೆ ತೆರೆಯುವಂತಿರಲಿಲ್ಲ. ಸಾವಿರಾರು ಸಣ್ಣ ಬ್ಯಾಂಕ್‌ಗಳು, ಎಲ್ಲದಕ್ಕೂ ಚೆಕ್. ದೂರದೂರಿನಲ್ಲಿ ನಿಮ್ಮ ಚೆಕ್ಕನ್ನು ಯಾರು ನಂಬುತ್ತಾರೆ? ಆ ಜಾಗವನ್ನು ತುಂಬಿದ್ದು ಕಾರ್ಡ್. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಊರಿನ 60,000 ಜನರಿಗೆ ಅವರು ಕೇಳದೆಯೇ ಕಾರ್ಡ್ ಅಂಚೆಯಲ್ಲಿ ಕಳಿಸಿತು. 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಬ್ಯಾಂಕ್ ಇರುವ ರಾಜ್ಯದಲ್ಲಿ ಅನುಮತಿಯಿರುವ ಬಡ್ಡಿಯನ್ನು ಇತರ ರಾಜ್ಯಗಳ ಗ್ರಾಹಕರಿಗೂ ಹಾಕಬಹುದು ಎಂದಿತು. ಬಡ್ಡಿಗೆ ಮಿತಿಯಿಲ್ಲದ ಸೌತ್ ಡಕೋಟಾಕ್ಕೆ ಸಿಟಿಬ್ಯಾಂಕ್ ತನ್ನ ಕಾರ್ಡ್ ವ್ಯವಹಾರವನ್ನೇ ಸಾಗಿಸಿತು. ಸ್ವಾಗತದ ಅರವತ್ತು ಸಾವಿರ ಮೈಲ್‌ಗಳ ಬೇರು ಅಲ್ಲಿದೆ.

ಜರ್ಮನಿಯಲ್ಲಿ ಊರೂರಿಗೂ ಸ್ಪಾರ್ಕಾಸೆ ಎಂಬ ಸ್ಥಳೀಯ ಉಳಿತಾಯ ಬ್ಯಾಂಕ್, ಇಲ್ಲವೇ ಸಹಕಾರಿ ಬ್ಯಾಂಕ್. ಒಂದರ ಖಾತೆಯಿಂದ ಇನ್ನೊಂದರ ಖಾತೆಗೆ ಹಣ ದಾಟಿಸುವ ಜಾಲ ಅಲ್ಲಿ ಕಾರ್ಡ್ ಹುಟ್ಟುವ ಎಷ್ಟೋ ಮೊದಲೇ ಗಟ್ಟಿಯಾಗಿತ್ತು. ಬಾಡಿಗೆ, ವಿದ್ಯುತ್, ವಿಮೆ, ಮಗುವಿನ ಶಿಶುವಿಹಾರದ ಶುಲ್ಕ, ಫುಟ್‌ಬಾಲ್ ಕ್ಲಬ್ಬಿನ ಚಂದಾ, ಎಲ್ಲವೂ ತಿಂಗಳು ತಿಂಗಳು ಖಾತೆಯಿಂದ ನೇರವಾಗಿ ಕಡಿತವಾಗುತ್ತವೆ. ಅಂಗಡಿಯಲ್ಲಿ ಜಿರೋಕಾರ್ಡ್ ಎಂಬ ಡೆಬಿಟ್ ಕಾರ್ಡ್, ಅದೂ ಅಲ್ಲದಿದ್ದರೆ ನಗದು. ಅಲ್ಲಿನ ಕೇಂದ್ರ ಬ್ಯಾಂಕ್ 2023ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ವ್ಯವಹಾರಗಳ ಸಂಖ್ಯೆಯ ಲೆಕ್ಕದಲ್ಲಿ ಶೇ. 51 ನಗದಿನಲ್ಲೇ ನಡೆದಿದ್ದವು. ಕೈ ಬಿಗಿಯಾದರೆ ಖಾತೆಯಲ್ಲೇ ಮಿತಿಯವರೆಗೆ ಹೆಚ್ಚುವರಿ ತೆಗೆಯಬಹುದು. ಕ್ರೆಡಿಟ್ ಕಾರ್ಡ್ ಎಂದು ಕೊಡುವುದರಲ್ಲೂ ಬಹಳಷ್ಟು, ತಿಂಗಳ ಕೊನೆಗೆ ಪೂರ್ತಿ ಮೊತ್ತವನ್ನು ತಾನಾಗಿ ಖಾತೆಯಿಂದ ಎಳೆದುಕೊಳ್ಳುವಂಥವು. ಬಾಕಿ ಇಲ್ಲ, ಬಡ್ಡಿ ಇಲ್ಲ. ಹಂಚಲು ಬ್ಯಾಂಕಿನ ಬಳಿ ಏನಿರುತ್ತದೆ?

ಇಲ್ಲೊಂದು ಮಾತು ಸೇರಿಸಬೇಕು. ಆ ಸಹಕಾರಿ ಬ್ಯಾಂಕ್‌ಗಳ ಮೂಲಪುರುಷರಲ್ಲಿ ಒಬ್ಬರು ಹತ್ತೊಂಬತ್ತನೇ ಶತಮಾನದ ರೈಫೈಸೆನ್ ಎಂಬ ಗ್ರಾಮಾಧಿಕಾರಿ. ಅವರ ಗ್ರಾಮೀಣ ಸಾಲ ಸಂಘಗಳ ಮಾದರಿಯನ್ನು ಅಧ್ಯಯನ ಮಾಡಿ ಮದ್ರಾಸ್ ಪ್ರಾಂತ್ಯದ ಫ್ರೆಡರಿಕ್ ನಿಕಲ್ಸನ್ ವರದಿ ಕೊಟ್ಟರು. 1904ರಲ್ಲಿ ಭಾರತಕ್ಕೆ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು, 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಮೊದಲ ಸಂಘ ಹುಟ್ಟಿತು. ನಮ್ಮ ತೋಟಗಳಿಗೆ ಗೊಬ್ಬರ, ಬೆಳೆಸಾಲ ಕೊಡುವ ಪತ್ತಿನ ಸಂಘ ಅದೇ ವಂಶದ್ದು. ಮ್ಯೂನಿಕ್‌ನ ಸಹಕಾರಿ ಬ್ಯಾಂಕಿನ ಕೌಂಟರ್ ಮುಂದೆ ನಿಂತಾಗ ನಿಮ್ಮ ಮಾವನವರಿಗೆ ಅದು ಅಷ್ಟೇನೂ ಅಪರಿಚಿತ ಎನ್ನಿಸಲಾರದು.

ಈಗ ಕೆಲಸದ ಮಾತು. ನಿಮ್ಮ ಮೈಲ್‌ಗಳು ಯಾವ ಕಂಪನಿಯವು ಎಂದು ಬರೆದಿಲ್ಲ. ಯುನೈಟೆಡ್‌ನದಾಗಿದ್ದರೆ ನಿಶ್ಚಿಂತೆ. 2019ರಿಂದ ಅವಕ್ಕೆ ಅವಧಿ ಮುಗಿಯುವ ಭಯವಿಲ್ಲ, ಲುಫ್ತಾನ್ಸಾ ಮತ್ತು ಏರ್ ಇಂಡಿಯಾ ಅದು ಇರುವ ಸ್ಟಾರ್ ಅಲಯನ್ಸ್ ಎಂಬ ವಿಮಾನ ಕಂಪನಿಗಳ ಕೂಟದಲ್ಲೇ ಇರುವುದರಿಂದ ಆ ಮೈಲ್ ಅವುಗಳಲ್ಲೂ ನಡೆಯುತ್ತದೆ, ಮ್ಯೂನಿಕ್‌ನಿಂದ ಬೆಂಗಳೂರಿಗೆ ಲುಫ್ತಾನ್ಸಾದ ನೇರ ವಿಮಾನ 2023ರ ನವೆಂಬರ್‌ನಿಂದ ಇದೆ. ಅದೇ ಸೀಟನ್ನು ಲುಫ್ತಾನ್ಸಾದ ಸ್ವಂತ ಮೈಲ್‌ಗಳಿಂದ ಕೊಂಡರೆ ತೆರಿಗೆಯ ಜೊತೆ ಇಂಧನ ಸರ್‌ಚಾರ್ಜ್ ಕೂಡ ಕೈಯಿಂದ ಬೀಳುತ್ತದೆ. ಯುನೈಟೆಡ್‌ನ ಮೈಲ್‌ಗಳಿಂದ ಕೊಂಡರೆ ಆ ಸರ್‌ಚಾರ್ಜ್ ಬೀಳುವುದಿಲ್ಲ. ವಾರ್ಷಿಕ ಶುಲ್ಕವಿಲ್ಲದ ಒಂದು ಹಳೆಯ ಅಮೆರಿಕನ್ ಕಾರ್ಡನ್ನು ಮುಚ್ಚದೆ ಉಳಿಸಿಕೊಳ್ಳಿ. ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡ್ ಇದ್ದರೆ, ದೇಶ ಬದಲಿಸುವವರು ಹಳೆಯ ದೇಶದ ಕಾರ್ಡಿನ ಇತಿಹಾಸದ ಬಲದಿಂದ ಹೊಸ ದೇಶದ ಕಾರ್ಡಿಗೆ ಅರ್ಜಿ ಹಾಕುವ ವ್ಯವಸ್ಥೆ ಅವರಲ್ಲಿದೆ, ಹೊರಡುವ ಮೊದಲೇ ವಿಚಾರಿಸಿ. ಬೇರೆ ಕಡೆ ಅಮೆರಿಕದ ನಿಮ್ಮ ಕ್ರೆಡಿಟ್ ಸ್ಕೋರ್, ಅಂದರೆ ಸಾಲ ತೀರಿಸಿದ ದಾಖಲೆಯ ಅಂಕ, ಜರ್ಮನ್ ಬ್ಯಾಂಕಿಗೆ ಕಾಣಿಸುವುದೇ ಇಲ್ಲ.

ಮೈಲ್‌ಗಿಂತ ದೊಡ್ಡ ತೊಡಕು ರಜೆ. ಜರ್ಮನಿಯಲ್ಲಿ ಶಾಲೆಗೆ ಹೋಗುವುದು ಕಾನೂನಿನ ಕಡ್ಡಾಯ. ರಜೆಗೆ ಮೊದಲೇ ಮಕ್ಕಳನ್ನು ಬಿಡಿಸಿಕೊಂಡು ಹೊರಟರೆ ದಂಡ ಬೀಳಬಹುದು. 2018ರಲ್ಲಿ ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಮೆಮ್ಮಿಂಗೆನ್ ವಿಮಾನ ನಿಲ್ದಾಣದಲ್ಲಿ ಪೊಲೀಸರು ಇಂಥ ಕುಟುಂಬಗಳನ್ನು ಗುರುತಿಸಿದ್ದು ದೊಡ್ಡ ಸುದ್ದಿಯಾಗಿತ್ತು. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಬರುವುದು ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲ ಪಾದದ ಹುಣ್ಣಿಮೆಗೆ, ಕ್ರಿಸ್‌ಮಸ್ ರಜೆ ಇನ್ನೂ ಆರಂಭವಾಗಿರುವುದಿಲ್ಲ. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣವೂ ಕೈತಪ್ಪುತ್ತದೆ. ಆದರೆ ಬವೇರಿಯಾದ ಬೇಸಿಗೆ ರಜೆ ಸೆಪ್ಟೆಂಬರ್ ನಡುವಿನವರೆಗೆ ಇರುವುದರಿಂದ ಸೆಪ್ಟೆಂಬರ್ 3ರ ಕೈಲ್‌ಪೋಳ್ದ್ ಆಯುಧಪೂಜೆ ಹಬ್ಬ ಸಿಗುತ್ತದೆ. ಅದೇ ದಿನಗಳಲ್ಲಿ ಎಲ್ಲ ಕುಟುಂಬಗಳೂ ಹಾರುತ್ತವೆ, ಮೈಲ್‌ಗಳಿಗೆ ನಾಲ್ಕು ಸೀಟು ಒಟ್ಟಿಗೆ ಸಿಗುವುದು ಕಷ್ಟ. ಎರಡು ವರ್ಷ ದಾಟಿದ ಮಗುವಿಗೂ ಪೂರ್ತಿ ಸೀಟು ಬೇಕು. ಇಬ್ಬರಿಗೆ ಮೈಲ್, ಇಬ್ಬರಿಗೆ ದುಡ್ಡು ಎಂದು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ದುಬೈನಿಂದ, ಊರು ಕುಶಾಲನಗರ:

ಅಣ್ಣ ಬರೆದದ್ದು ಸರಿ. ನಮ್ಮ ಕಡೆಯ ಕಥೆ ಇನ್ನೊಂದು ಬಗೆ. ಇಲ್ಲಿ ಎಲ್ಲವೂ ಸಂಬಳಕ್ಕೆ ಕಟ್ಟಿದ್ದು. ಸಂಬಳ ಯಾವ ಬ್ಯಾಂಕಿಗೆ ಬರುತ್ತದೆಯೋ ಅದೇ ಬ್ಯಾಂಕ್ ಕಾರ್ಡ್ ಕೊಡುತ್ತದೆ, ಸಂಬಳ ಏರಿದಂತೆ ಕಾರ್ಡಿನ ಬಣ್ಣ ಬದಲಾಗುತ್ತದೆ. ಎಮಿರೇಟ್ಸ್ ವಿಮಾನ ಕಂಪನಿಯ ಸ್ಕೈವರ್ಡ್ಸ್ ಮೈಲ್ ಕೊಡುವ ಕಾರ್ಡ್ ನನ್ನ ಬಳಿಯೂ ಇದೆ. ಮೈಲ್‌ಗಳು ನಿಜವಾಗಿ ಬೆಳೆಯುವುದು ಶಾಲಾ ಶುಲ್ಕದಿಂದ. ಇಬ್ಬರು ಮಕ್ಕಳ ಶುಲ್ಕ ಕಾರ್ಡಿಗೆ ಹಾಕಿದರೆ ಒಂದು ಟಿಕೆಟ್ಟಿನ ಹತ್ತಿರ ಬರುತ್ತೇವೆ. ಬ್ಯಾಂಕ್‌ಗಳು ಅದನ್ನು ಬಡ್ಡಿಯಿಲ್ಲದ ಕಂತುಗಳಾಗಿಯೂ ಮಾಡಿಕೊಡುತ್ತವೆ. ಒಂದು ಎಚ್ಚರಿಕೆ: ಕೆಲಸ ಹೋದರೆ ಬ್ಯಾಂಕ್ ಮೊದಲು ನೋಡುವುದು ನಿಮ್ಮ ಬಾಕಿಯನ್ನು. ಬೌನ್ಸ್ ಆದ ಚೆಕ್ 2022ರ ಜನವರಿಯವರೆಗೂ ಇಲ್ಲಿ ಜೈಲಿಗೆ ದಾರಿಯಾಗಿತ್ತು. ಕಾನೂನು ಸಡಿಲವಾದರೂ ಹಳಬರ ಭಯ ಇನ್ನೂ ಹೋಗಿಲ್ಲ.

ಸಿದ್ದಾಪುರದಿಂದ:

ತಮ್ಮಾ, ಶಾಲಾ ಶುಲ್ಕದ ಮಾತು ಚೆನ್ನಾಗಿ ನೆನಪಿಸಿದೆ. ಮ್ಯೂನಿಕ್‌ನ ಸರ್ಕಾರಿ ಶಾಲೆಗೆ ಶುಲ್ಕವೇ ಇಲ್ಲ. ಮೈಲ್ ಬರುವುದಿಲ್ಲ, ದುಡ್ಡೂ ಹೋಗುವುದಿಲ್ಲ. ತಂಗಿ, ಯಾವುದು ಲಾಭ ಎಂದು ಗಂಡನೊಂದಿಗೆ ಕುಳಿತು ಲೆಕ್ಕ ಮಾಡಿ. ಕಾರ್ಡಿನ ಮೈಲ್‌ಗಳನ್ನು ಅಳೆಯುವಾಗ ನಮ್ಮವರು ಇದನ್ನು ಬಿಟ್ಟೇ ಬಿಡುತ್ತಾರೆ.

ಸಿಡ್ನಿಯಿಂದ, ಊರು ನಾಪೋಕ್ಲು:

ಆಸ್ಟ್ರೇಲಿಯಾ ಈ ಎರಡರ ನಡುವೆ ನಿಂತಿದೆ. ಇಲ್ಲಿನ ರಿಸರ್ವ್ ಬ್ಯಾಂಕ್ 2003ರಲ್ಲೇ ಶುಲ್ಕಕ್ಕೆ ಕಡಿವಾಣ ಹಾಕಿತು, ಕಾರ್ಡಿನಲ್ಲಿ ಹಣ ಕಟ್ಟುವ ಗಿರಾಕಿಗಳಿಂದ ಅಂಗಡಿಯವರು ಪ್ರತ್ಯೇಕ ಶುಲ್ಕ ವಸೂಲಿ ಮಾಡಲೂ ಅವಕಾಶ ಕೊಟ್ಟಿತು. ಬ್ಯಾಂಕ್‌ಗಳು ಸುಮ್ಮನಿರಲಿಲ್ಲ. ವೀಸಾ ಕಾರ್ಡಿನ ಜೊತೆಗೊಂದು ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡನ್ನೂ ಲಕೋಟೆಯಲ್ಲಿಟ್ಟು ಕೊಟ್ಟು ಹೆಚ್ಚಿನ ಪಾಯಿಂಟ್‌ಗಳನ್ನು ಅದರ ಮೇಲೆ ಇಟ್ಟವು. 2017ರ ನಿಯಮ ಆ ಕಿಂಡಿಯನ್ನೂ ಮುಚ್ಚಿತು, ಜೊತೆ ಕಾರ್ಡ್‌ಗಳು ಹೋದವು. ಈಗ ನಮ್ಮ ಮನೆಯಲ್ಲಿ ಇಲ್ಲಿನ ವಿಮಾನ ಕಂಪನಿ ಕ್ವಾಂಟಾಸ್‌ನ ಪಾಯಿಂಟ್‌ಗಳಲ್ಲಿ ಒಳ್ಳೆಯ ಪಾಲು ಬರುವುದು ವೂಲ್‌ವರ್ತ್ಸ್ ದಿನಸಿ ಅಂಗಡಿಯ ಸದಸ್ಯತ್ವದಿಂದ. ಅಲ್ಲಿನ 2,000 ಪಾಯಿಂಟ್ ಕ್ವಾಂಟಾಸ್‌ನ 1,000 ಆಗುತ್ತದೆ. ಕಾರ್ಡಿನಿಂದ ಓಡಿದ ಪಾಯಿಂಟ್‌ಗಳು ಅಕ್ಕಿ ಬೇಳೆಯ ಚೀಲದಲ್ಲಿ ಸಿಕ್ಕಂತಾಯಿತು.

ನ್ಯೂಜೆರ್ಸಿಯಿಂದ:

ಅಣ್ಣ, ಇಷ್ಟು ವಿವರ ಯಾರೂ ಹೇಳಿರಲಿಲ್ಲ. ಇನ್ನೊಂದು ಪ್ರಶ್ನೆ. ಮಗಳು ಕಾಲೇಜಿಗೆ ಮತ್ತೆ ಅಮೆರಿಕಕ್ಕೇ ಬರಬೇಕೆಂದು ಹಟ ಹಿಡಿದಿದ್ದಾಳೆ. ಇಲ್ಲಿ ಅವಳ ಗೆಳತಿಯರಿಗೆಲ್ಲ ಅಪ್ಪ ಅಮ್ಮನ ಕಾರ್ಡಿನಲ್ಲಿ ಹೆಸರು ಸೇರಿಸಿದ್ದಾರೆ. ಅವಳಿಗೂ ಸೇರಿಸಲೇ? ಈ ವಯಸ್ಸಿಗೆ ಕೈಗೆ ಕಾರ್ಡ್ ಕೊಡುವುದು ನನ್ನ ಮನಸ್ಸಿಗೆ ಒಪ್ಪುತ್ತಿಲ್ಲ.

ಸಿದ್ದಾಪುರದಿಂದ:

ಸೇರಿಸಿ, ಆದರೆ ಕಾರ್ಡನ್ನು ಅವಳ ಕೈಗೆ ಕೊಡಬೇಕೆಂದೇನೂ ಇಲ್ಲ. ಅವಳಿಗೂ ಕ್ರೆಡಿಟ್ ಇತಿಹಾಸ ಬೆಳೆಯುವುದಕ್ಕೆ ಹೆಚ್ಚುವರಿ ಬಳಕೆದಾರಳಾಗಿ ಹೆಸರು ಸೇರಿದರೆ ಸಾಕು, ಕಾರ್ಡ್ ನಿಮ್ಮ ಬೀರುವಿನಲ್ಲಿರಲಿ. ಅಮೆರಿಕನ್ ಎಕ್ಸ್‌ಪ್ರೆಸ್ 13 ತುಂಬಿದವರನ್ನು ಸೇರಿಸಿಕೊಳ್ಳುತ್ತದೆ, ಉಳಿದ ಬ್ಯಾಂಕ್‌ಗಳ ನಿಯಮ ಬೇರೆ ಬೇರೆ. 2009ರ ಕಾನೂನಿನ ನಂತರ 21 ತುಂಬದವರು ಅಮೆರಿಕದಲ್ಲಿ ಸ್ವಂತ ಕಾರ್ಡ್ ಪಡೆಯಬೇಕಾದರೆ ಸ್ವಂತ ಆದಾಯ ತೋರಿಸಬೇಕು ಅಥವಾ ಹೊಣೆ ಹೊರುವ ಹಿರಿಯರು ಬೇಕು. ಹದಿನೆಂಟಕ್ಕೆ ಜರ್ಮನಿಯಿಂದ ಬಂದಿಳಿದ ಹುಡುಗಿಗೆ ಎರಡೂ ಕಷ್ಟ. ಬಾಡಿಗೆ ಮನೆಗೂ ಅಲ್ಲಿ ಕ್ರೆಡಿಟ್ ಇತಿಹಾಸ ಕೇಳುತ್ತಾರೆ. ಅದಕ್ಕಾಗಿಯೇ ಹಳೆಯ ಕಾರ್ಡ್ ಮುಚ್ಚಬೇಡಿ ಎಂದದ್ದು.

ಮ್ಯೂನಿಕ್‌ನಲ್ಲಿ ಇದಕ್ಕೆ ತದ್ವಿರುದ್ಧ. ಹದಿನೆಂಟು ತುಂಬುವವರೆಗೆ ಬ್ಯಾಂಕ್ ಅವಳಿಗೆ ಸಾಲದ ಸೌಲಭ್ಯ ಕೊಡುವಂತಿಲ್ಲ, ಕೌಟುಂಬಿಕ ನ್ಯಾಯಾಲಯದ ಒಪ್ಪಿಗೆ ಬೇಕಾಗುತ್ತದೆ. ಖಾತೆಯಲ್ಲಿ ಎಷ್ಟಿದೆಯೋ ಅಷ್ಟೇ ಖರ್ಚು. ಅಲ್ಲಿನ ನಾಗರಿಕ ಸಂಹಿತೆಯ 110ನೇ ಕಲಮು ಪಾಕೆಟ್ ಮನಿಯ ಬಗ್ಗೆಯೇ ಇದೆ: ಮನೆಯವರು ಕೊಟ್ಟ ಹಣದಿಂದ ಪೂರ್ತಿ ತೆತ್ತು ಮಗು ಏನಾದರೂ ಕೊಂಡರೆ ಆ ವ್ಯವಹಾರ ಸಿಂಧು, ಕಂತಿನಲ್ಲಿ ಕೊಂಡರೆ ಅಲ್ಲ. ಅಮೆರಿಕದಲ್ಲಿ ಸಾಲ ಮಾಡಿ ತೀರಿಸಿದವರು ನಂಬಿಕಸ್ಥರು, ಜರ್ಮನಿಯಲ್ಲಿ ಜನರ ಸಾಲದ ದಾಖಲೆ ಇಡುವ ಶುಫಾ ಸಂಸ್ಥೆಯ ಲೆಕ್ಕದಲ್ಲಿ ಸಾಲದ ಗೋಜಿಗೇ ಹೋಗದವರ ಮೇಲಿನ ನಂಬಿಕೆಗೂ ಕೊರತೆಯಿಲ್ಲ. ನಿಮ್ಮ ಮಗಳು ಎರಡನ್ನೂ ಕಲಿಯಬೇಕಾಗಿದೆ. ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಜರ್ಮನಿಯ ಪಾಠ ಬರಲಿ, ಅಮೆರಿಕದ ಪಾಠ ಬೀರುವಿನಲ್ಲಿ ತಾನಾಗಿ ಬೆಳೆಯುತ್ತಿರಲಿ. ತಿಂಗಳಿಗೊಮ್ಮೆ ಆ ಕಾರ್ಡಿನ ಲೆಕ್ಕವನ್ನು ಅವಳ ಕೈಯಲ್ಲೇ ಓದಿಸಿ, ನಿಮ್ಮ ಖರ್ಚುಗಳೂ ಅವಳಿಗೆ ತಿಳಿಯಲಿ. ಮೈಲ್‌ಗಳ ಆಸೆಗೆ ಬೇಡದ ವಸ್ತು ಕೊಳ್ಳುವುದನ್ನು ಮಕ್ಕಳು ನಮಗಿಂತ ಬೇಗ ಪತ್ತೆ ಹಚ್ಚುತ್ತಾರೆ.

ಪೊನ್ನಂಪೇಟೆಯಿಂದ, ಮಗ ಮೆಲ್ಬರ್ನ್‌ನಲ್ಲಿ:

ನೋಡಪ್ಪಾ, ನಾವು ಕಾಫಿ ಮಾರಿದ ಮೇಲೆ ಕೊಡುತ್ತೇವೆ ಎಂದು ಗೋಣಿಕೊಪ್ಪದ ಅಂಗಡಿಯಲ್ಲಿ ವರ್ಷವಿಡೀ ಲೆಕ್ಕ ಬರೆಸಿ ಸಾಮಾನು ತಂದವರು. ನಮಗೆ ಯಾರೂ ವಿಮಾನ ಹತ್ತಿಸಲಿಲ್ಲ. ಯುಗಾದಿಗೆ ಒಂದು ಕ್ಯಾಲೆಂಡರ್ ಕೊಡುತ್ತಿದ್ದರು. ಈಗ ಮಗ ನನ್ನ ಹೆಸರಿನಲ್ಲಿ ಇಲ್ಲೊಂದು ಏರ್‌ಲೈನ್ ಕಾರ್ಡ್ ತೆಗೆಸು, ಮೈಲ್ ಸೇರಿಸಿ ಮೆಲ್ಬರ್ನ್‌ಗೆ ಬಾ ಎನ್ನುತ್ತಾನೆ. ವಾರ್ಷಿಕ ಶುಲ್ಕ ಕೇಳಿ ನಾನು ಹಿಂದೆ ಸರಿದೆ. ತೆಗೆಸಲೋ ಬೇಡವೋ?

ಸಿದ್ದಾಪುರದಿಂದ:

ಚಿಕ್ಕಪ್ಪ, ಆ ಕ್ಯಾಲೆಂಡರಿನ ದುಡ್ಡೂ ನಿಮ್ಮ ಸಕ್ಕರೆ ಬೆಲ್ಲದ ಬೆಲೆಯಲ್ಲೇ ಸೇರಿರುತ್ತಿತ್ತು. ಏರ್‌ಲೈನ್ ಕಾರ್ಡಿನ ಮೈಲ್ ಕೂಡ ಹಾಗೆಯೇ.

ತೆಗೆಸಬೇಡಿ. ನಿಮ್ಮ ಖರ್ಚು ಎಲ್ಲಿ ಆಗುತ್ತದೆ ನೋಡಿ. ಆಳುಗಳ ವಾರದ ಕೂಲಿ ನಗದು. ಗೊಬ್ಬರ ಸಹಕಾರ ಸಂಘದಲ್ಲಿ. ಜೀಪಿಗೆ ಡೀಸೆಲ್, ಅದಕ್ಕೆ ಬಹುತೇಕ ಕಾರ್ಡ್‌ಗಳು ಪಾಯಿಂಟ್ ಕೊಡುವುದಿಲ್ಲ. ಸಂತೆಯಲ್ಲಿ ಮೀನು ತರಕಾರಿ ಯುಪಿಐನಲ್ಲಿ. 2020ರ ಜನವರಿಯಿಂದ ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ ವ್ಯಾಪಾರಿಯಿಂದ ಶುಲ್ಕ ಪಡೆಯುವಂತಿಲ್ಲ. ಶುಲ್ಕವಿಲ್ಲದ ಕಡೆ ಮೈಲ್ ಎಲ್ಲಿಂದ ಹುಟ್ಟಬೇಕು? 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು, ಅದರಲ್ಲಿ ಒಂದಿಷ್ಟು ಪಾಯಿಂಟ್ ಬಂದೀತು, ಮೆಲ್ಬರ್ನ್ ತಲುಪುವಷ್ಟಲ್ಲ. ಇನ್ನೊಂದು, ನಮ್ಮ ದೇಶದ ಏರ್‌ಲೈನ್ ಕಾರ್ಡ್‌ಗಳನ್ನು ನಂಬಿ ವರ್ಷಗಟ್ಟಲೆ ಕೂಡಿಡುವುದು ಕ್ಷೇಮವಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಿತು. ವಿಸ್ತಾರ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾದೊಳಗೆ ಸೇರಿತು. ಮೈಲ್ ಎಂಬುದು ಕಂಪನಿ ಇದ್ದರೆ ಇದೆ, ನಿಯಮ ಬದಲಾದರೆ ಕರಗುತ್ತದೆ. ಸಿಕ್ಕಿದ ಕೂಡಲೇ ಬಳಸಬೇಕಾದ ಸರಕು ಅದು. ಮಗ ಅಲ್ಲಿಂದ ತನ್ನ ಕ್ವಾಂಟಾಸ್ ಪಾಯಿಂಟ್‌ಗಳಲ್ಲೇ ನಿಮಗೆ ಟಿಕೆಟ್ ಮಾಡಲಿ. ಮೇಲೆ ನಾಪೋಕ್ಲು ಅಕ್ಕ ಬರೆದ ದಿನಸಿ ಅಂಗಡಿಯ ದಾರಿಯನ್ನು ಅವನಿಗೆ ಕಳಿಸಿ.

ನ್ಯೂಜೆರ್ಸಿಯಿಂದ:

ಎಲ್ಲರಿಗೂ ಧನ್ಯವಾದ. ಮೈಲ್‌ಗಳು ಯುನೈಟೆಡ್‌ನವೇ. ಮೊದಲು ಮ್ಯೂನಿಕ್‌ಗೆ ಹೋಗಿ ಆಮೇಲೆ ಊರಿಗೆ ಬರುವ ಬದಲು, ಜುಲೈನಲ್ಲಿ ನೇರವಾಗಿ ಊರಿಗೆ ಬಂದು, ಅಲ್ಲಿಂದಲೇ ಮ್ಯೂನಿಕ್‌ಗೆ ಹೋಗೋಣ ಎಂದು ಈಗ ತೀರ್ಮಾನಿಸಿದ್ದೇವೆ. ವಿರಾಜಪೇಟೆಗೆ ಕಣ್ಣೂರು ವಿಮಾನ ನಿಲ್ದಾಣ ಹತ್ತಿರ ಅಲ್ಲವೇ? ಅಲ್ಲಿಗೇ ಟಿಕೆಟ್ ಮಾಡಲೇ?

ಸಿದ್ದಾಪುರದಿಂದ:

ದೂರದ ಲೆಕ್ಕದಲ್ಲಿ ಹತ್ತಿರವೇ, ಸುಮಾರು 60 ಕಿ.ಮೀ. 2018ರ ಡಿಸೆಂಬರ್‌ನಲ್ಲಿ ಅದು ತೆರೆದಾಗ ವಿರಾಜಪೇಟೆಯವರೆಲ್ಲ ಇನ್ನು ವಿದೇಶ ಅಂಗಳಕ್ಕೇ ಬಂತು ಎಂದುಕೊಂಡಿದ್ದರು. ವಿದೇಶಿ ಕಂಪನಿಗಳಿಗೆ ಅಲ್ಲಿ ಇಳಿಯುವ ಅನುಮತಿ ಸಿಗದೆ ಕೊಲ್ಲಿ ದೇಶಗಳಿಗೂ ನಮ್ಮ ದೇಶದ ಕಂಪನಿಗಳೇ ಹಾರಾಡಿದವು. ಅಲ್ಲಿಗೆ ಬರುವ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಆಗಲಿ ಇಂಡಿಗೋ ಆಗಲಿ ಸ್ಟಾರ್ ಅಲಯನ್ಸ್‌ನಲ್ಲಿ ಇಲ್ಲ, ನಿಮ್ಮ ಮೈಲ್ ಅಲ್ಲಿಗೆ ತಲುಪುವುದಿಲ್ಲ. ಮಂಗಳೂರಿನದೂ ಹೆಚ್ಚುಕಡಿಮೆ ಇದೇ ಕಥೆ. ಜೊತೆಗೆ ಜುಲೈ ಮಳೆಗೆ ಕಣ್ಣೂರು ಕಡೆಯಿಂದ ವಿರಾಜಪೇಟೆಗೆ ಬರುವ ಮಾಕುಟ್ಟ ಘಾಟಿಯಲ್ಲಿ ಮಣ್ಣು ಕುಸಿದು ಸಂಚಾರಕ್ಕೆ ನಿರ್ಬಂಧ ಬೀಳುವುದು ಹೊಸದೇನಲ್ಲ. ಬೆಂಗಳೂರಿಗೇ ಟಿಕೆಟ್ ಮಾಡಿ, ದೇವನಹಳ್ಳಿಯಿಂದ ಮೈಸೂರಿಗೆ ಫ್ಲೈಬಸ್ ಇದೆ, ಅಲ್ಲಿಂದ ಮುಂದೆ ಮನೆಯವರು ಜೀಪ್ ಕಳಿಸುತ್ತಾರೆ. ನಾಲ್ಕು ಸೀಟು ಹುಡುಕುವಾಗ ಹೊರಡುವ ದಿನವನ್ನು ವಾರದ ನಡುವೆ ಇಟ್ಟು ನೋಡಿ, ಸಿಗುವ ಸಾಧ್ಯತೆ ಹೆಚ್ಚು. ಬೆಂಗಳೂರಿನಿಂದ ಮ್ಯೂನಿಕ್‌ಗೆ ಹೋಗುವ ಟಿಕೆಟ್ಟನ್ನು ಬೇರೆಯಾಗಿ ಮಾಡಿಸಿ. ಜರ್ಮನಿಯ ವೀಸಾ ತಡವಾದರೆ ಅದೊಂದನ್ನೇ ಮುಂದೂಡಿದರೆ ಸಾಕಾಗುತ್ತದೆ.